ಲೇಸರ್ ಸ್ಪರ್ಶದ ಬರಹಕ್ಕೆ ಮಿಲಿಜೂಲ್ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಲೇಸರ್ ಬಳಸಿ, ಏನನ್ನೂ ಮುಟ್ಟದೆ ಸ್ಪರ್ಶದ ಅನುಭವ ಹುಟ್ಟಿಸುವ ತಂತ್ರದ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹ ಓದಿದೆವು. ಕೈಗವಸು ಬೇಡ, ಕಂಪಿಸುವ ಸಾಧನ ಬೇಡ, ಗಾಳಿಯಲ್ಲಿ ಬೆರಳಾಡಿಸಿದರೆ ಸಾಕು, ಬೆಳಕೇ ರೇಷ್ಮೆಯಾಗಿ, ಮರವಾಗಿ, ಕಲ್ಲಾಗಿ ತಾಗುತ್ತದೆ ಎಂದು ಅದರಲ್ಲಿತ್ತು. ವಿಷಯ ಒಳ್ಳೆಯದೇ. ಆದರೆ ಇಡೀ ಬರಹದಲ್ಲಿ ಒಂದೇ ಒಂದು ಅಂಕಿಯಿಲ್ಲ. ಯಾವ ತರಂಗಾಂತರ, ಪಲ್ಸ್ (ಬೆಳಕಿನ ಒಂದು ಮಿಣುಕು) ಎಷ್ಟು ಹೊತ್ತಿನದು, ಚದರ ಸೆಂಟಿಮೀಟರಿಗೆ ಎಷ್ಟು ಶಕ್ತಿ ಬೀಳುತ್ತದೆ, ಸೆಕೆಂಡಿಗೆ ಎಷ್ಟು ಸಲ ಬೀಳುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಬಿಟ್ಟು ಲೇಸರ್ ಸ್ಪರ್ಶದ ಬಗ್ಗೆ ಬರೆಯುವುದು ಪ್ರಮಾಣ ಬರೆಯದೆ ಔಷಧಿ ಚೀಟಿ ಕೊಟ್ಟ ಹಾಗೆ. ಕೊನೆಯಲ್ಲಿ ‘ಆಸಕ್ತ ವಿದ್ಯಾರ್ಥಿಗಳು ಸಣ್ಣ ಲೇಸರ್‌ನಿಂದ ಪ್ರಯತ್ನಿಸಬಹುದು’ ಎಂಬ ಮಾತೂ ಇದ್ದುದರಿಂದ ಸುಮ್ಮನಿರಲಾಗಲಿಲ್ಲ. ಪತ್ರ ಉದ್ದವಾಗಿದೆ, ಕ್ಷಮೆಯಿರಲಿ.

ಮೊದಲು ಒಂದು ತಪ್ಪು. ‘ಬೆಳಕಿನ ಕಣಗಳು ಬೆರಳನ್ನು ತಳ್ಳುತ್ತವೆ’ ಎಂದು ಬರೆಯಲಾಗಿದೆ. ಬೆಳಕಿಗೆ ಒತ್ತಡ ಇದೆ, ನಿಜ. ಅದು ಎಷ್ಟು ಎನ್ನುವುದು ಸುಲಭದ ಲೆಕ್ಕ: ಶಕ್ತಿಯ ದರವನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಆಯಿತು. 1 ವಾಟ್ ಬೆಳಕನ್ನು ಚರ್ಮ ಪೂರ್ತಿ ಹೀರಿದರೆ ಸಿಗುವ ಬಲ ಸುಮಾರು 3.3 ನ್ಯಾನೋನ್ಯೂಟನ್. ಕೈಯಲ್ಲಿ ಹಿಡಿಯುವ 5 ಮಿಲಿವಾಟ್ ಪಾಯಿಂಟರ್‌ನದು ಸುಮಾರು 17 ಪಿಕೋನ್ಯೂಟನ್. ಬೆರಳತುದಿಗೆ ಮೆಲ್ಲಗೆ ಒತ್ತಿದ್ದು ಗೊತ್ತಾಗಬೇಕಾದರೆ ಅರ್ಧ ಮಿಲಿನ್ಯೂಟನ್ ಆಸುಪಾಸಿನ ಬಲ ಬೇಕು. ಅಂದರೆ ಪಾಯಿಂಟರ್ ಮೂರು ಕೋಟಿ ಪಟ್ಟು ಹಿಂದೆ ಬಿದ್ದಿದೆ. ಬೆಳಕಿನ ಒತ್ತಡವನ್ನೇ ನಂಬಿ ಸ್ಪರ್ಶ ಹುಟ್ಟಿಸಲು ಹೊರಟರೆ, ಬಲ ಸಾಕಾಗುವ ಎಷ್ಟೋ ಮೊದಲೇ ಬೆರಳು ಬೆಂದಿರುತ್ತದೆ.

ಹಾಗಾದರೆ ಲೇಸರ್ ಬಿದ್ದಾಗ ಏನೋ ತಾಗಿದಂತಾಗುವುದು ಹೇಗೆ? ಒಂದಕ್ಕೊಂದು ಸಂಬಂಧವಿಲ್ಲದ ಮೂರು ದಾರಿಗಳಿವೆ. ಚರ್ಮದ ತೆಳು ಪದರ ಥಟ್ಟನೆ ಬಿಸಿಯಾಗಿ ಹಿಗ್ಗುವುದು ಒಂದು. ಗಾಳಿಯೇ ಸೀಳಿ ಪ್ಲಾಸ್ಮಾ (ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಬಂದ ಅನಿಲ) ಚುಕ್ಕಿಯಾಗುವುದು ಇನ್ನೊಂದು. ಬರೀ ಶಾಖ ಮೂರನೆಯದು. ನಿಮ್ಮ ಬರಹ ಮೂರನ್ನೂ ಕಲಸಿ ಒಂದೇ ಮಾಡಿದೆ. ಒಂದರ ಸುರಕ್ಷತೆಯ ಮಾತನ್ನು ಇನ್ನೊಂದರ ಸಾಧನೆಗೆ ಅಂಟಿಸಿದ್ದು ಅಲ್ಲಿನ ದೊಡ್ಡ ಎಡವಟ್ಟು.

ಚರ್ಮದ ಕಡೆಯಿಂದ ನೋಡೋಣ. ಬೆರಳಿನ ಒಳಪದರಗಳಲ್ಲಿ ಸ್ಪರ್ಶ ಹಿಡಿಯುವ ಹಲವು ಬಗೆಯ ಗ್ರಾಹಕಗಳಿವೆ. ಮೈಸ್ನರ್ ಕಣಗಳು ಸೆಕೆಂಡಿಗೆ 5ರಿಂದ 50 ಸಲ ಆಗುವ ಸಣ್ಣ ಅಲುಗಾಟವನ್ನು ಹಿಡಿಯುತ್ತವೆ. ಆಳದಲ್ಲಿರುವ ಪಾಸಿನಿಯನ್ ಕಣಗಳಿಗೆ ಸೆಕೆಂಡಿಗೆ 250 ಸಲದ ಸುತ್ತಮುತ್ತ ಚುರುಕು ಹೆಚ್ಚು. ಆ ಆವರ್ತನದಲ್ಲಿ ಚರ್ಮ ಒಂದು ಮೈಕ್ರೋಮೀಟರಿಗಿಂತ ಕಡಿಮೆ ಅಲುಗಿದರೂ ಅವಕ್ಕೆ ತಿಳಿಯುತ್ತದೆ. ಮೊಬೈಲ್ ಕಂಪನ ಗುರಿಯಿಡುವುದೂ ಇವುಗಳತ್ತಲೇ. ಹಾಗಾಗಿ ಲೇಸರ್‌ನಿಂದ ದೊಡ್ಡ ಬಲ ಬೇಕಿಲ್ಲ, ಸರಿಯಾದ ಲಯದಲ್ಲಿ ಪುಟ್ಟ ಪುಟ್ಟ ತಟ್ಟು ಸಿಕ್ಕರೆ ಸಾಕು ಎನ್ನುವುದು ಈ ಕ್ಷೇತ್ರದ ಆಸೆ.

ಆ ತಟ್ಟು ಹುಟ್ಟುವುದು ಹೀಗೆ. ಕೆಲವೇ ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಉದ್ದದ ಪಲ್ಸ್ ಚರ್ಮದ ಮೇಲೆ ಬಿದ್ದು ತೆಳು ಪದರದಲ್ಲಿ ಹೀರಿಕೆಯಾಗುತ್ತದೆ. ಆ ಪದರ ಬಿಸಿಯಾಗಿ ಹಿಗ್ಗಬೇಕು, ಆದರೆ ಸುತ್ತಲಿನ ಅಂಗಾಂಶ ಸರಿದು ಜಾಗ ಕೊಡುವಷ್ಟು ಹೊತ್ತಿಲ್ಲ. ಹಿಗ್ಗಲಾಗದ ಒತ್ತಡ ಶಬ್ದದ ಅಲೆಯಾಗಿ ಒಳಗೆ ಹೊರಡುತ್ತದೆ. ಪಲ್ಸ್ ಎಷ್ಟು ಚಿಕ್ಕದಿರಬೇಕು ಎನ್ನುವುದಕ್ಕೆ ಅಳತೆಗೋಲು ಇದೆ: ಬೆಳಕು ಇಳಿಯುವ ಆಳವನ್ನು ಶಬ್ದ ದಾಟಲು ಹಿಡಿಯುವ ಸಮಯಕ್ಕಿಂತ ಪಲ್ಸ್ ಮೊದಲೇ ಮುಗಿದಿರಬೇಕು. ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಬೆಳಕು 10 ಮೈಕ್ರೋಮೀಟರ್ ಇಳಿದರೆ ಸಿಗುವ ಸಮಯ ಸುಮಾರು 7 ನ್ಯಾನೋಸೆಕೆಂಡ್. 100 ಮೈಕ್ರೋಮೀಟರ್ ಇಳಿದರೆ ಸುಮಾರು 67. ಸಾಮಾನ್ಯ ಡಯೋಡ್ ಲೇಸರನ್ನು ಸೆಕೆಂಡಿಗೆ 250 ಸಲ ಆರಿಸಿ ಹೊತ್ತಿಸಿದರೆ ಒಂದೊಂದು ಪಲ್ಸ್ 2 ಮಿಲಿಸೆಕೆಂಡ್ ಉದ್ದವಿರುತ್ತದೆ. ಅಷ್ಟು ಹೊತ್ತಿನಲ್ಲಿ ಪದರ ಆರಾಮವಾಗಿ ಹಿಗ್ಗಿ ಒತ್ತಡ ಕರಗಿಸಿಕೊಳ್ಳುತ್ತದೆ, ತಟ್ಟು ಹುಟ್ಟುವುದೇ ಇಲ್ಲ. ಉಳಿಯುವುದು ಬಿಸಿ ಮಾತ್ರ. ‘ಸಣ್ಣ ಲೇಸರ್‌ನಿಂದ ಪ್ರಯತ್ನಿಸಿ’ ಎಂಬ ಸಲಹೆ ಇಲ್ಲಿಯೇ ಬಿದ್ದುಹೋಗುತ್ತದೆ. 1 ವಾಟ್ ಡಯೋಡನ್ನು 1 ಮಿ.ಮೀ. ಚುಕ್ಕಿಗೆ ಇಳಿಸಿದರೆ ಚದರ ಸೆಂಟಿಮೀಟರಿಗೆ 127 ವಾಟ್ ಆಗುತ್ತದೆ. ಸ್ಪರ್ಶ ಸಿಗುವುದಿಲ್ಲ, ಸುಟ್ಟಗಾಯ ಖಂಡಿತ ಸಿಗುತ್ತದೆ.

ಈಗ ಒತ್ತಡದ ಲೆಕ್ಕ. ಚದರ ಸೆಂಟಿಮೀಟರಿಗೆ 10 ಮಿಲಿಜೂಲ್ ಬಿದ್ದು 100 ಮೈಕ್ರೋಮೀಟರ್ ಆಳದಲ್ಲಿ ಹೀರಿಕೆಯಾಯಿತು ಎನ್ನಿ. ಘನ ಸೆಂಟಿಮೀಟರಿಗೆ 1 ಜೂಲ್ ತುಂಬಿದಂತಾಯಿತು. ಒಂದು ಪಲ್ಸ್‌ಗೆ ತಾಪ ಏರುವುದು ಕಾಲು ಡಿಗ್ರಿ ಸೆಲ್ಸಿಯಸ್‌ನಷ್ಟು. ಮೈಯ ಉಷ್ಣತೆಯಲ್ಲಿ ನೀರಿನಂಥ ಅಂಗಾಂಶ ಈ ಶಕ್ತಿಯ ಸುಮಾರು ಐದನೇ ಒಂದು ಭಾಗವನ್ನು ಒತ್ತಡವಾಗಿ ತೋರಿಸುತ್ತದೆ, ಅಂದರೆ ಸುಮಾರು 2 ಬಾರ್. ಕಾರಿನ ಟೈರಿನೊಳಗಿನ ಒತ್ತಡದ ಹತ್ತಿರ! ಕೇಳಲು ದೊಡ್ಡದು, ಆದರೆ ಬಾಳುವುದು ಮೈಕ್ರೋಸೆಕೆಂಡಿನ ಸಣ್ಣ ಚೂರು. ಸಾಲದ್ದಕ್ಕೆ, ಹೊರಮೈ ತೆರೆದಿರುವುದರಿಂದ ಒತ್ತುವ ಅಲೆಯ ಬೆನ್ನಿಗೇ ಎಳೆಯುವ ಅಲೆ ಬಂದು ಬಹುಪಾಲನ್ನು ರದ್ದು ಮಾಡುತ್ತದೆ. 2 ಬಾರ್ ಎಂದು ಕೇಳಿ ಹಿಗ್ಗಿದವರು ಬೆರಳಿಟ್ಟಾಗ ‘ಇಷ್ಟೇನಾ’ ಎನ್ನುವುದು ಇದರಿಂದ. ಸಿಗುವುದು ಒಂದು ಸಣ್ಣ ‘ಟಿಕ್’. ರೇಷ್ಮೆಯೂ ಅಲ್ಲ, ಮರವೂ ಅಲ್ಲ.

ಈ ದಾರಿಯ ಕೆಲಸ ನಡೆದಿಲ್ಲವೆಂದಲ್ಲ. 2015ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ, ಲೇಸರ್‌ನ ಈ ಹಿಗ್ಗುವಿಕೆಯಿಂದ ಸ್ಪರ್ಶದ ಅನುಭವ ಹುಟ್ಟುತ್ತದೆಂದು ತೋರಿಸಿದರು. ಚರ್ಮದ ಮೇಲ್ಮೈ ತಾಪ ಸುಮಾರು 2.5 ಡಿಗ್ರಿಗಿಂತ ಹೆಚ್ಚು ಏರಲಿಲ್ಲ. ಮಿದುಳಿನ ವಿದ್ಯುತ್ ಅಲೆಗಳೂ ಯಾಂತ್ರಿಕವಾಗಿ ತಟ್ಟಿದಾಗಿನ ಅಲೆಗಳಿಗೆ ಹೊಂದಿದವು. ನೋವಲ್ಲದ ಅನುಭವ ಸಾಧ್ಯ ಎಂಬುದು ಆ ಕೆಲಸದ ಸಾರ. ಅಲ್ಲಿಂದ ‘ಗಾಳಿಯಲ್ಲಿ ವಸ್ತುಗಳನ್ನು ಮುಟ್ಟಬಹುದು’ ಎನ್ನುವವರೆಗಿನ ಜಿಗಿತ ನಿಮ್ಮ ಶೀರ್ಷಿಕೆಯದು.

ಆ ಜಿಗಿತಕ್ಕೆ ಅಡ್ಡ ನಿಂತಿರುವುದು ಒಂದು ಪಲ್ಸಿನ ಶಕ್ತಿಯಲ್ಲ, ಪಲ್ಸ್‌ಗಳ ಒಟ್ಟು ಮೊತ್ತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ತಂತ್ರ ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ಕಣ್ಣಿಗೆ ಕಾಣುವ ಬೆಳಕಿಗೆ, ಉದಾಹರಣೆಗೆ 532 ನ್ಯಾನೋಮೀಟರ್ ಹಸಿರು ಲೇಸರಿಗೆ, ಚರ್ಮದ ಮೇಲೆ ಒಂದು ನ್ಯಾನೋಸೆಕೆಂಡ್ ಪಲ್ಸ್‌ಗೆ ಒಪ್ಪಿತ ಸುರಕ್ಷತಾ ಮಿತಿ ಚದರ ಸೆಂಟಿಮೀಟರಿಗೆ 20 ಮಿಲಿಜೂಲ್. ಬೆಳಕು 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೀಳುತ್ತಲೇ ಇದ್ದರೆ ಸರಾಸರಿ ಮಿತಿ ಚದರ ಸೆಂಟಿಮೀಟರಿಗೆ 0.2 ವಾಟ್. ಎರಡನ್ನೂ ಒಟ್ಟಿಗೆ ಪಾಲಿಸಬೇಕು. 20 ಮಿಲಿಜೂಲ್ ಪಲ್ಸ್‌ಗಳನ್ನು ಬಿಡುತ್ತಲೇ ಹೋದರೆ ಸೆಕೆಂಡಿಗೆ 10ಕ್ಕೇ ಸರಾಸರಿ ಮಿತಿ ಮುಟ್ಟಿತು. ಪಾಸಿನಿಯನ್ ಕಣಗಳಿಗೆ ಬೇಕಾದ 250ರ ಲಯಕ್ಕೆ ಹೋದರೆ ಒಂದೊಂದು ಪಲ್ಸನ್ನು 0.8 ಮಿಲಿಜೂಲಿಗೆ ಇಳಿಸಬೇಕು. ಆಗ ತಟ್ಟಿನ ಒತ್ತಡ 25 ಪಟ್ಟು ಕುಗ್ಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ಇದಕ್ಕೊಂದು ಉಪಾಯ, ಪಲ್ಸ್‌ಗಳನ್ನು ಚಿಕ್ಕ ಗೊಂಚಲುಗಳಾಗಿ ಬಿಡುವುದು. 10 ಸೆಕೆಂಡಿನೊಳಗಿನ ಅವಧಿಗೆ ಒಟ್ಟು ಶಕ್ತಿಯ ಮಿತಿಯನ್ನು, ಸೆಕೆಂಡಿನಲ್ಲಿ ಹೇಳಿದ ಅವಧಿಯ ವರ್ಗಮೂಲಕ್ಕೆ ಮತ್ತೆ ವರ್ಗಮೂಲ ತೆಗೆದು 1.1ರಿಂದ ಗುಣಿಸಿ ಪಡೆಯುತ್ತಾರೆ (ಉತ್ತರ ಜೂಲ್‌ನಲ್ಲಿ). 0.1 ಸೆಕೆಂಡಿಗೆ ಅದು ಚದರ ಸೆಂಟಿಮೀಟರಿಗೆ ಸುಮಾರು 620 ಮಿಲಿಜೂಲ್. 250ರ ಲಯದಲ್ಲಿ 0.1 ಸೆಕೆಂಡಿಗೆ 25 ಪಲ್ಸ್, ತಲಾ 20ರಂತೆ 500 ಮಿಲಿಜೂಲ್. ಮಿತಿಯೊಳಗೇ ಇದೆ. ಆದರೆ 10 ಸೆಕೆಂಡಿನ ಒಟ್ಟು ಮಿತಿ ಸುಮಾರು 1,960 ಮಿಲಿಜೂಲ್. ಅಂದರೆ ಒಂದೇ ಜಾಗಕ್ಕೆ ಹತ್ತು ಸೆಕೆಂಡಿನಲ್ಲಿ ಇಂಥ ಮೂರು ಗೊಂಚಲು. ನಾಲ್ಕನೆಯದು ಬಿದ್ದರೆ ಮಿತಿ ದಾಟಿತು. ಗುಂಡಿ ಒತ್ತಿದಾಗ ‘ಟಿಕ್’ ಎನ್ನಿಸಲು ಇಷ್ಟು ಸಾಕು. ಬಟ್ಟೆಯ ನೇಯ್ಗೆಯ ಮೇಲೆ ಬೆರಳಾಡಿಸಿದಂಥ ಬಿಡದ ಅನುಭವಕ್ಕೆ ಖಂಡಿತ ಸಾಲದು. ಮಿತಿಯೊಳಗಿದ್ದರೆ ಬಿಸಿಯೇ ಆಗುವುದಿಲ್ಲವೆಂದೂ ತಿಳಿಯಬಾರದು. ಅಂಥ ಒಂದು ಗೊಂಚಲಿಗೆ ಚರ್ಮದ ಮೇಲ್ಪದರ 5–6 ಡಿಗ್ರಿ ಏರಬಹುದು. ಟಿಕ್ ಜೊತೆಗೆ ಬೆಚ್ಚಗೂ ಆಗುತ್ತದೆ. ಆಗ ಪ್ರಯೋಗಕ್ಕೆ ಕೂತವರು ಹೇಳುವ ‘ಹೌದು, ಏನೋ ತಾಗಿತು’ ಎನ್ನುವುದು ಯಾವುದರ ಸಾಕ್ಷಿ?

1,064 ನ್ಯಾನೋಮೀಟರಿಗೆ ಹೋದರೆ ಚರ್ಮದ ಮಿತಿ ಐದು ಪಟ್ಟು ಸಡಿಲವಾಗುತ್ತದೆ. ಆದರೆ ಸಡಿಲವಾಗುವುದಕ್ಕೆ ಕಾರಣವೇ ಬೆಳಕು ಆಳಕ್ಕಿಳಿದು ಹರಡಿಹೋಗುವುದು. ಹರಡಿದ ಶಕ್ತಿಯಿಂದ ಒತ್ತಡವೂ ಅಷ್ಟೇ ತಗ್ಗುತ್ತದೆ, ಲಾಭವೇನಿಲ್ಲ. ಹಸಿರು ಬೆಳಕಿಗೆ ಇನ್ನೊಂದು ತೊಡಕು, ಅದನ್ನು ಹೀರುವುದು ಮುಖ್ಯವಾಗಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ರಕ್ತ. ಹಾಗಾಗಿ ಕಪ್ಪು ಚರ್ಮದ ಮೇಲೂ ಬಿಳಿ ಚರ್ಮದ ಮೇಲೂ ಅದೇ ಪಲ್ಸ್ ಬೇರೆ ಬೇರೆ ತಾಪ, ಬೇರೆ ಬೇರೆ ತಟ್ಟು ಕೊಡುತ್ತದೆ. ತಿಳಿ ಬಣ್ಣದವರ ಮೇಲೆ ಹೊಂದಿಸಿದ ಉಪಕರಣವನ್ನು ಹಾಗೆಯೇ ಕಪ್ಪು ಕೈಗೆ ತೋರಿಸುವಂತಿಲ್ಲ. 1.4 ಮೈಕ್ರೋಮೀಟರ್ ದಾಟಿದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ನೀರು ಹೀರುತ್ತದೆ, ಬಣ್ಣದ ಭೇದ ಬಹುಮಟ್ಟಿಗೆ ಅಳಿಯುತ್ತದೆ. ಪತ್ರಿಕೆಗಳು ಈ ತಂತ್ರದ ಬಗ್ಗೆ ಬರೆಯುವಾಗ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಯಾರ ಚರ್ಮದ ಮೇಲೆ ನೋಡಿದಿರಿ?

ಕಪ್ಪು ಟೇಪಿನ ಉಪಾಯವನ್ನೂ ನಿಮ್ಮ ಬರಹ ಹೆಸರಿಸಿತ್ತು. ಬೆರಳಿಗೆ ತೆಳು ಹಿಗ್ಗುವ ಪಟ್ಟಿ ಅಂಟಿಸಿ ಅದರ ಮೇಲೆ ಪಲ್ಸ್ ಬಿಡುವುದು. ಬೆಳಕೆಲ್ಲ ಪಟ್ಟಿಯಲ್ಲೇ ಹೀರಿಕೆಯಾಗಿ ತಟ್ಟು ಚರ್ಮಕ್ಕೆ ದಾಟುತ್ತದೆ, ಮೆಲನಿನ್ ತಕರಾರಿಲ್ಲ. ತಟ್ಟೂ ಬಲವಾಗಿರುತ್ತದೆ. ಆದರೆ ಬೆರಳಿಗೆ ಏನೋ ಅಂಟಿಸಿಕೊಂಡ ಮೇಲೆ ‘ಮೈಗೆ ಏನೂ ಬೇಡ’ ಎಂಬ ಹೆಗ್ಗಳಿಕೆ ಹೋಯಿತು. ಜೊತೆಗೆ, ಶಕ್ತಿ ಸ್ವಲ್ಪ ಹೆಚ್ಚಾದರೂ ಟೇಪಿನ ಮೇಲ್ಮೈ ಆವಿಯಾಗಿ ಚಿಮ್ಮುತ್ತದೆ. ಚಿಮ್ಮಿದ ಆವಿ ಹಿಂದಕ್ಕೆ ಒದೆಯುವ ಬಲ ಹಿಗ್ಗುವಿಕೆಗಿಂತ ಜೋರು. ಪ್ರಯೋಗ ಮಾಡಿದವರು ಹಿಗ್ಗುವಿಕೆಯನ್ನು ಅಳೆದೆವು ಎಂದುಕೊಂಡಿರುತ್ತಾರೆ, ನಿಜವಾಗಿ ಅಳೆದದ್ದು ಟೇಪು ಸುಟ್ಟದ್ದನ್ನು. ಪ್ರಯೋಗ ಮುಗಿದ ಮೇಲೆ ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ: ಹೊಳಪು ಮಾಸಿದ ಚುಕ್ಕಿ ಕಂಡರೆ ಆವಿಯಾಗಿದೆ ಎಂದೇ ಅರ್ಥ. ಪಿವಿಸಿ ಟೇಪು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಆದ್ದರಿಂದ ಹೊಗೆ ಎಳೆಯುವ ಫ್ಯಾನ್ ಇಲ್ಲದ ಕೋಣೆಯಲ್ಲಿ ಇದು ಬೇಡವೇ ಬೇಡ.

ಎರಡನೆಯ ದಾರಿ ಪ್ಲಾಸ್ಮಾ. ನಿಮ್ಮ ಬರಹದಲ್ಲಿ ಹೇಳಿದ ‘ಗಾಳಿಯಲ್ಲಿ ತೇಲುವ, ಮುಟ್ಟಬಹುದಾದ ಚಿತ್ತಾರ’ ಇದರದ್ದು. ಜಪಾನಿನ ಯೋಯಿಚಿ ಓಚಿಯಾಯ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದು. ಅವರ ಪಲ್ಸ್ 30ರಿಂದ 100 ಫೆಮ್ಟೋಸೆಕೆಂಡ್ (ನ್ಯಾನೋಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು), ಶಕ್ತಿ ಹೆಚ್ಚೆಂದರೆ 7 ಮಿಲಿಜೂಲ್. 1 ಮಿಲಿಜೂಲನ್ನು 100 ಫೆಮ್ಟೋಸೆಕೆಂಡಿಗೆ ಅಡಕಿದರೆ ಆ ಕ್ಷಣದ ದರ 10 ಗಿಗಾವಾಟ್. ಮಸೂರದಿಂದ ಕೂದಲೆಳೆಗಿಂತ ಸಣ್ಣ ಚುಕ್ಕಿಗೆ ಕೇಂದ್ರೀಕರಿಸಿದಾಗ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಬಂದು ಬಿಳಿ ಚುಕ್ಕಿ ಮಿನುಗುತ್ತದೆ. ಕನ್ನಡಿಗಳನ್ನು ವೇಗವಾಗಿ ತಿರುಗಿಸಿ ಚುಕ್ಕಿಗಳನ್ನು ಸಾಲಾಗಿ ಹಚ್ಚಿದರೆ ಚಿತ್ರ. ಅದರ ಗಾತ್ರ ಎಷ್ಟು? ಹೆಚ್ಚೆಂದರೆ ಒಂದು ಘನ ಸೆಂಟಿಮೀಟರ್, ಅಂದರೆ ಒಂದು ದಾಳದಷ್ಟು. ಬರಹದ ಜೊತೆಗಿನ ಚಿತ್ರದಲ್ಲಿ ತೋರಿಸಿದ ಆಳೆತ್ತರದ ಚಿಟ್ಟೆ ಅಲ್ಲ.

ಆ ಚುಕ್ಕಿಗೆ ಬೆರಳು ತಾಗಿದಾಗ ಚುಕ್ಕಿ ಸಿಡಿದ ಆಘಾತದ ಅಲೆ ಚರ್ಮಕ್ಕೆ ಬಡಿಯುತ್ತದೆ. ಮರಳುಕಾಗದದ ಹಾಗೆ, ಕೆಲವರಿಗೆ ಒಣಹವೆಯಲ್ಲಿ ಬಾಗಿಲ ಹಿಡಿ ಮುಟ್ಟಿದಾಗಿನ ಸಣ್ಣ ಶಾಕ್ ಹಾಗೆ ಅನ್ನಿಸಿತೆಂದು ಅವರೇ ಹೇಳಿದ್ದಾರೆ. ಪ್ರಾಣಿಯ ತೊಗಲಿನ ಮೇಲೆ ಪರೀಕ್ಷಿಸಿದಾಗ, ಒಂದೇ ಜಾಗಕ್ಕೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿದ್ದರೆ ಸುತ್ತ ಸುಟ್ಟ ಗುರುತು ಕಂಡಿತು. ಹಾಗಾಗಿ ಬೆರಳು ತಾಗಿದ್ದನ್ನು ಕ್ಯಾಮೆರಾ ಗುರುತಿಸಿ ಲೇಸರನ್ನು ಕೂಡಲೇ ನಿಲ್ಲಿಸುವ ಏರ್ಪಾಡನ್ನು ಅವರು ಮುಂದಿಟ್ಟರು. ‘ಪೂರ್ತಿ ಸುರಕ್ಷಿತ’ ಎಂಬ ನಿಮ್ಮ ಸಾಲಿನಲ್ಲಿ ಈ ‘ಕೂಡಲೇ ನಿಲ್ಲಿಸಿದರೆ’ ಎಂಬ ಷರತ್ತು ಮಾಯವಾಗಿದೆ. ಕ್ಯಾಮೆರಾ ಕೈಕೊಟ್ಟಾಗ ಲೇಸರ್ ತಾನಾಗಿ ಆರಬೇಕೇ ಹೊರತು ಉರಿಯುತ್ತಿರಬಾರದು. ಇದು ಮೊದಲ ದಿನವೇ ಪರೀಕ್ಷಿಸಬೇಕಾದದ್ದು: ಬೆರಳಿಡುವ ಮುನ್ನ ಕ್ಯಾಮೆರಾದ ಕೇಬಲ್ ಎಳೆದು ನೋಡಿ. ಪ್ಲಾಸ್ಮಾದಿಂದ ಚಟಪಟ ಸದ್ದೂ, ಓಝೋನ್ ಮತ್ತು ಸಾರಜನಕದ ಆಕ್ಸೈಡುಗಳೂ ಬರುತ್ತವೆ. ಒಂದು ಚುಕ್ಕಿಗೆ ಅದು ಲೆಕ್ಕಕ್ಕಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಲೆಕ್ಕಕ್ಕಿದೆ.

ಅದೇ ಗುಂಪಿನವರು 2016ರಲ್ಲಿ ಲೇಸರ್ ಜೊತೆಗೆ ಅಲ್ಟ್ರಾಸೌಂಡನ್ನೂ ಸೇರಿಸಿ ತೋರಿಸಿದರು. ನಮಗೆ ಇದು ಹೆಚ್ಚು ಪ್ರಾಮಾಣಿಕ ದಾರಿ ಅನ್ನಿಸುತ್ತದೆ. 40 ಕಿಲೋಹರ್ಟ್ಸ್ ಅಲ್ಟ್ರಾಸೌಂಡ್ ಗಾಳಿಯಲ್ಲೇ ನಿಜವಾಗಿ ಒತ್ತಬಲ್ಲದು. ಜಪಾನಿನಲ್ಲಿ 324 ಪುಟ್ಟ ಸ್ಪೀಕರ್‌ಗಳ ಹಲಗೆಯಿಂದ 16 ಮಿಲಿನ್ಯೂಟನ್ ಬಲ ಪಡೆದಿದ್ದರು, ಬೆರಳಿಗೆ ಗೊತ್ತಾಗುವ ಮಟ್ಟಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆದರೆ ಅದರ ತರಂಗಾಂತರ 8.5 ಮಿ.ಮೀ. ಆದ್ದರಿಂದ ಚುಕ್ಕಿ ಅದಕ್ಕಿಂತ ಹೆಚ್ಚು ಸಣ್ಣದಾಗಲಾರದು. ಲೇಸರ್ ಚುಕ್ಕಿ 0.1 ಮಿ.ಮೀ.ಗಿಂತಲೂ ಸಣ್ಣದಾಗಬಲ್ಲದು. ಒಂದಕ್ಕೆ ಬಲ, ಇನ್ನೊಂದಕ್ಕೆ ಚೂಪು. ಒಂದು ಮಾತು ಮಾತ್ರ ನೆನಪಿರಲಿ. ಬೆರಳತುದಿ ಎರಡು ಬಿಂದುಗಳನ್ನು ಬೇರೆ ಬೇರೆ ಎಂದು ಗುರುತಿಸಲು ಅವುಗಳ ನಡುವೆ 2–3 ಮಿ.ಮೀ. ಅಂತರ ಬೇಕು. ಅದಕ್ಕಿಂತ ಹತ್ತಾರು ಪಟ್ಟು ಸಣ್ಣ ಚುಕ್ಕಿಯನ್ನು ಕೊಟ್ಟರೂ ಬೆರಳು ಅದನ್ನು ಓದಲಾರದು. ಲೇಸರ್‌ನ ನಿಜವಾದ ಲಾಭ ದೂರ. ಮೀಟರುಗಟ್ಟಲೆ ಆಚೆಯಿಂದಲೂ ಅದು ಗುರಿ ತಪ್ಪದು, ಅಲ್ಟ್ರಾಸೌಂಡ್ ಅಷ್ಟರಲ್ಲಿ ಚದುರಿಹೋಗಿರುತ್ತದೆ.

ಮೂರನೆಯದಾದ ಶಾಖದ ದಾರಿ ಹಳೆಯದು. ನೋವಿನ ಸಂಶೋಧನೆಯಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು 1970ರ ದಶಕದಿಂದಲೂ ಬಳಸುತ್ತಿದ್ದಾರೆ. ಅದರ 10.6 ಮೈಕ್ರೋಮೀಟರ್ ಬೆಳಕು ಚರ್ಮದ ಮೇಲಿನ ಹತ್ತಿಪ್ಪತ್ತು ಮೈಕ್ರೋಮೀಟರಿನಲ್ಲೇ ಹೀರಿಕೆಯಾಗುತ್ತದೆ. ಮುಂಗೈಯ ಹಿಂಬದಿಯಲ್ಲಿ ಸತ್ತ ಪದರ ತೆಳು, ನರತುದಿಗಳಿಗೆ ಶಾಖ ಬೇಗ ಮುಟ್ಟುತ್ತದೆ. ಬೆರಳತುದಿಯಲ್ಲಿ ಆ ಪದರ ದಪ್ಪ, 0.3 ಮಿ.ಮೀ. ಎಂದುಕೊಂಡರೂ ಶಾಖ ಕೆಳಗಿಳಿಯಲು ಸುಮಾರು 0.2 ಸೆಕೆಂಡ್ ಬೇಕು. ತಡವಾಯಿತೆಂದು ಶಕ್ತಿ ಹೆಚ್ಚಿಸಿದರೆ ಮೇಲ್ಪದರ ಸುಡುತ್ತದೆ. ಹೆಚ್ಚಿಸಿದವರಿಗೆ ತಾವು ಮಾಡಿದ್ದು ತಿಳಿಯುವುದೂ 0.2 ಸೆಕೆಂಡ್ ತಡವಾಗಿ. ಚರ್ಮ 43 ಡಿಗ್ರಿ ದಾಟಿದರೆ ನೋವಿನ ನರಗಳು ಎಚ್ಚರಗೊಳ್ಳುತ್ತವೆ. ಇಲ್ಲಿ ಸಿಗುವುದು ಚುಚ್ಚು ಮತ್ತು ಉರಿ, ಸ್ಪರ್ಶವಲ್ಲ.

ತಾಗಿದ್ದು ಸ್ಪರ್ಶವೋ ಶಾಖವೋ ಎಂದು ಬೇರ್ಪಡಿಸುವುದು ಹೇಗೆ? ಪ್ರತಿಕ್ರಿಯೆಯ ಸಮಯ ಅಳೆಯುವುದು ಒಂದು ದಾರಿ. ಸ್ಪರ್ಶದ ದಪ್ಪ ನರಗಳಲ್ಲಿ ಸಂದೇಶ ಸೆಕೆಂಡಿಗೆ 35–75 ಮೀಟರ್ ಓಡುತ್ತದೆ. ಚುಚ್ಚಿದ ನೋವಿನ ತೆಳು ನರಗಳಲ್ಲಿ 5–30, ಉರಿಯ ನರಗಳಲ್ಲಿ ಬರೀ 0.5–2. ಒಂದು ಮೀಟರ್ ದೂರಕ್ಕೆ ಉರಿಯ ಸಂದೇಶ ಬಂದು ಸೇರಲು ಅರ್ಧದಿಂದ ಎರಡು ಸೆಕೆಂಡ್ ಹಿಡಿಯುತ್ತದೆ. ಗುಂಡಿ ಒತ್ತಿದ ಹೊತ್ತು ಇದರಲ್ಲಿ ಯಾವುದಕ್ಕೆ ಹೊಂದುತ್ತದೆ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ಉಳಿದರ್ಧಕ್ಕೆ ಕಿವಿ ಮುಚ್ಚಬೇಕು. ಪಲ್ಸ್ ಬಿದ್ದಾಗ ಟಕ್ ಎಂಬ ಸದ್ದು ಬರುತ್ತದೆ, ಲೇಸರ್ ಪೆಟ್ಟಿಗೆಯೂ ಸದ್ದು ಮಾಡುತ್ತದೆ. ಸದ್ದು ಕೇಳಿದ ಮಿದುಳು ಬೆರಳಿಗೆ ತಾಗಿತೆಂದೇ ಹೇಳುತ್ತದೆ. ಹೆಡ್‌ಫೋನಿನಲ್ಲಿ ಜೋರಾದ ಸಮಶಬ್ದ (ಬಿಡದ ‘ಶ್’ ಎಂಬ ಸದ್ದು) ಹಾಕಿ, ಬೆರಳು ಕಾಣದಂತೆ ಪರದೆ ಕಟ್ಟಬೇಕು. ಮೂರರಲ್ಲಿ ಒಂದು ಸಲವಾದರೂ ಶಟರ್ ಮುಚ್ಚಿಟ್ಟೇ ಲೇಸರ್ ಓಡಿಸಬೇಕು. ಮುಚ್ಚಿದಾಗಲೂ ‘ತಾಗಿತು’ ಎನ್ನುವವರು ಎಷ್ಟು ಮಂದಿ ಎಂಬುದನ್ನು ಪ್ರಕಟಿಸದ ಪ್ರದರ್ಶನವನ್ನು ನಂಬುವುದು ಕಷ್ಟ. ಅಳತೆಯಲ್ಲಿ ಆಗುವ ತಪ್ಪುಗಳೂ ಇವೆ. ಕಿರಣದ ಸರಾಸರಿ 10 ಮಿಲಿಜೂಲ್ ಎಂದಾಗ, ಗಂಟೆಯಾಕಾರದ ಹಂಚಿಕೆಯ ಕಿರಣದ ನಡುಮಧ್ಯದಲ್ಲಿ 20 ಇರುತ್ತದೆ. ಸರಾಸರಿಯನ್ನೇ ಮಿತಿಗೆ ಹೋಲಿಸಿದವರು ಮಧ್ಯದಲ್ಲಿ ಮಿತಿ ದಾಟಿರಬಹುದು. ಬೆರಳ ಮೇಲೆ ಶಾಯಿಯ ಚುಕ್ಕಿಯೋ ಗ್ರೀಸಿನ ಕಲೆಯೋ ಇದ್ದರೆ ಅದು ಎಲ್ಲವನ್ನೂ ಹೀರಿ ಅಲ್ಲೇ ಬೊಬ್ಬೆ ಏಳಿಸುತ್ತದೆ. ಲೇಸರ್ ಹಚ್ಚಿದ ಕೂಡಲೇ ಬರುವ ಪಲ್ಸ್‌ಗಳು ಸಮವಾಗಿರುವುದಿಲ್ಲ, ಅದು ಬಿಸಿಯೇರಿ ಸ್ಥಿರವಾಗುವವರೆಗೆ ಶಕ್ತಿ ಮಾಪಕದ ಮುಂದೆಯೇ ಓಡಲಿ.

ಚರ್ಮಕ್ಕಿಂತ ದೊಡ್ಡ ಚಿಂತೆ ಕಣ್ಣು. 400ರಿಂದ 1,400 ನ್ಯಾನೋಮೀಟರ್ ಬೆಳಕನ್ನು ಕಣ್ಣಿನ ಮಸೂರ ಅಕ್ಷಿಪಟಲದ ಮೇಲೆ ಲಕ್ಷ ಪಟ್ಟು ಸಾಂದ್ರಗೊಳಿಸುತ್ತದೆ. 3.5 ಮಿ.ಮೀ. ಚುಕ್ಕಿಗೆ 20 ಮಿಲಿಜೂಲ್ ಸಾಂದ್ರತೆ ಬೇಕೆಂದರೆ ಪಲ್ಸ್ ಸುಮಾರು 2 ಮಿಲಿಜೂಲ್ ಇರುತ್ತದೆ. ಕಣ್ಣಿನೊಳಗೆ ಹೋಗಬಹುದಾದ ಮಿತಿ 0.1–0.2 ಮೈಕ್ರೋಜೂಲ್. ಬೆರಳಿಗೆ ‘ಟಿಕ್’ ಎನ್ನುವ ಪಲ್ಸ್, ಕಣ್ಣಿನ ಮಿತಿಯ ಹತ್ತು ಸಾವಿರ ಪಟ್ಟಿಗೂ ಮೇಲೆ. ಹಾಗಾಗಿ ಕನ್ನಡಕದ ಆಪ್ಟಿಕಲ್ ಡೆನ್ಸಿಟಿ ಕನಿಷ್ಠ 5 ಇರಬೇಕು (ಬೆಳಕಿನ ಲಕ್ಷದಲ್ಲೊಂದು ಪಾಲು ಮಾತ್ರ ಒಳಬಿಡುವಂಥದ್ದು), ಅದೂ ಆ ತರಂಗಾಂತರಕ್ಕೆ. ಹಸಿರು ಲೇಸರ್‌ಗಳು ಬಹುಪಾಲು 1,064 ನ್ಯಾನೋಮೀಟರ್ ಬೆಳಕಿನ ಆವರ್ತನವನ್ನು ಇಮ್ಮಡಿ ಮಾಡಿ ಹಸಿರು ಪಡೆಯುತ್ತವೆ. ಸೋಸದೆ ಉಳಿದ ಅವಕೆಂಪು ಜೊತೆಗೇ ಹೊರಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕನ್ನಡಕ ಎರಡನ್ನೂ ತಡೆಯಬೇಕು.

ಬೆರಳು ಗುರಿಯಲ್ಲಿ ನಿಲ್ಲುವ ವಸ್ತುವಲ್ಲ ಎಂಬುದು ಇನ್ನೊಂದು ತೊಡಕು. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಸರಿಯುವ ಬೆರಳನ್ನು 20 ಮಿಲಿಸೆಕೆಂಡ್ ತಡವಾಗಿ ಹಿಂಬಾಲಿಸುವ ಯಂತ್ರ 10 ಮಿ.ಮೀ. ಹಿಂದೆ ಗುಂಡು ಹಾರಿಸುತ್ತದೆ. ತಪ್ಪಿದ ಪಲ್ಸ್ ಎಲ್ಲಿಗೆ ಹೋಗುತ್ತದೆ? ಬೆರಳ ಹಿಂದೆ ಇರುವವರ ಮುಖಕ್ಕೆ. ಮಸೂರದ ಆಚೆ ಕಿರಣ ಅಗಲವಾಗಿ ಚದುರುತ್ತದೆಂಬ ಸಮಾಧಾನ ಸಾಲದು. 10 ಮಿ.ಮೀ. ಕಿರಣವನ್ನು 100 ಮಿ.ಮೀ. ನಾಭಿದೂರದ ಮಸೂರದಿಂದ ಕೇಂದ್ರೀಕರಿಸಿದರೆ, ನಾಭಿಯಿಂದ ಒಂದು ಮೀಟರ್ ಆಚೆಗೆ ಅದು 100 ಮಿ.ಮೀ. ಅಗಲವಾಗಿರುತ್ತದೆ. ಆದರೂ 2 ಮಿಲಿಜೂಲ್ ಪಲ್ಸ್ ಅಲ್ಲಿ ಚದರ ಸೆಂಟಿಮೀಟರಿಗೆ 25 ಮೈಕ್ರೋಜೂಲ್ ಬೀಳುತ್ತದೆ, ಕಣ್ಣಿನ ಮಿತಿಯ ಐವತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಕಿರಣ ಮೇಲಿನಿಂದ ಕೆಳಕ್ಕೆ ಬರಲಿ. ಕೆಳಗೆ ಹೊಳಪಿಲ್ಲದ ಕಪ್ಪು ಲೋಹದ ಬಟ್ಟಲು ಇರಲಿ. ಸುತ್ತ ಮುಚ್ಚಿದ ಪೆಟ್ಟಿಗೆಯಲ್ಲಿ ಕೈ ತೂರಿಸುವಷ್ಟೇ ಕಿಂಡಿ ಇರಲಿ. ಬಾಗಿಲು ತೆರೆದರೆ ಲೇಸರ್ ಆರುವ ಇಂಟರ್‌ಲಾಕ್ ಇರಲಿ. ಉಂಗುರ, ಗಡಿಯಾರ ಕಳಚಿಡಬೇಕು, ಅವು ಪುಟ್ಟ ಕನ್ನಡಿಗಳೇ. 1.5 ಮೈಕ್ರೋಮೀಟರ್ ಲೇಸರ್ ಬಳಸಿದರೆ ಬೆಳಕು ಅಕ್ಷಿಪಟಲ ಮುಟ್ಟುವ ಮೊದಲೇ ಕಣ್ಣಿನ ಮುಂಭಾಗದ ನೀರಿನಂಶದಲ್ಲಿ ಹೀರಿಕೆಯಾಗುತ್ತದೆ, ಮಿತಿ ಚದರ ಸೆಂಟಿಮೀಟರಿಗೆ 1 ಜೂಲ್‌ವರೆಗೆ ಏರುತ್ತದೆ. ಈ ತಂತ್ರ ಎಂದಾದರೂ ಪ್ರಯೋಗಶಾಲೆಯಿಂದ ಹೊರಬಂದರೆ ಬರುವುದು ಈ ತರಂಗಾಂತರದ ಆಸುಪಾಸಿನಲ್ಲೇ ಎಂದು ನಮ್ಮ ಅಂದಾಜು. ಅದರ ಬೆಲೆಯೂ ಇದೆ: ಅಲ್ಲಿ ಬೆಳಕು ಅರ್ಧ ಮಿ.ಮೀ. ಆಸುಪಾಸು ಇಳಿಯುವುದರಿಂದ, ಅಷ್ಟೇ ಒತ್ತಡಕ್ಕೆ ಐದು ಪಟ್ಟು ಶಕ್ತಿ ಸುರಿಯಬೇಕು.

ಇನ್ನು ವಿದ್ಯಾರ್ಥಿಗಳ ಮಾತು. ಸ್ಪರ್ಶ ಹುಟ್ಟಿಸುವಷ್ಟು ಬಲದ ಪಲ್ಸ್ ಲೇಸರ್‌ಗಳು ಸುರಕ್ಷತಾ ವರ್ಗೀಕರಣದಲ್ಲಿ ಅತಿ ಅಪಾಯದ 3ಬಿ ಅಥವಾ 4ನೇ ವರ್ಗದವು. ಶಾಲೆಯ ಮೇಜಿನ ಮೇಲೆ ಅವಕ್ಕೆ ಜಾಗವಿಲ್ಲ. ಪಾಯಿಂಟರ್‌ನಿಂದ ಸ್ಪರ್ಶ ಹುಟ್ಟಿಸಲು ಹೊರಡುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ, ಇಲ್ಲಿ ನೋಯುವುದು ಕಣ್ಣು. ಮುಟ್ಟದ ಸ್ಪರ್ಶವನ್ನು ಕೈಯಾರೆ ಮಾಡಿ ನೋಡುವ ಆಸೆಯಿರುವವರು 40 ಕಿಲೋಹರ್ಟ್ಸ್ ಅಲ್ಟ್ರಾಸೌಂಡ್ ಸ್ಪೀಕರ್‌ಗಳನ್ನು ಹಲಗೆಯ ಮೇಲೆ ಸಾಲಾಗಿ ಕೂರಿಸಿ, ಎಲ್ಲ ಅಲೆಗಳೂ ಒಂದೇ ಬಿಂದುವಿಗೆ ಒಟ್ಟಿಗೆ ಮುಟ್ಟುವಂತೆ ಒಂದೊಂದಕ್ಕೂ ತಡ ಹೊಂದಿಸಿ, ಸಂಕೇತವನ್ನು ಸೆಕೆಂಡಿಗೆ 200 ಸಲ ಏರಿಳಿಸಲಿ. ಸೋಲುವುದು ಹೆಚ್ಚಾಗಿ ಒಂದೆರಡು ಸ್ಪೀಕರ್‌ಗಳ ಧನ-ಋಣ ತಂತಿ ಅದಲುಬದಲಾಗಿ, ಅವು ಉಳಿದವುಗಳ ಅಲೆಯನ್ನೇ ಅಳಿಸುವುದರಿಂದ. ಏರಿಳಿಸುವುದನ್ನು ಮರೆತರೂ ಅಂಗೈಗೆ ಹೆಚ್ಚೇನೂ ತಿಳಿಯದು, ಕಂಪನಕ್ಕೆ ಎಚ್ಚರಗೊಳ್ಳುವ ಕಣಗಳಿಗೆ ಸ್ಥಿರವಾದ ಒತ್ತಡ ಕಾಣುವುದಿಲ್ಲ.

ಕೊನೆಯದಾಗಿ, ಬರಹದ ಜೊತೆ ಅಚ್ಚಾದ ಚಿತ್ರದ ಬಗ್ಗೆ. ಅದರಲ್ಲಿ ಕೋಣೆಯ ತುಂಬ ಕೆಂಪು ಗೆರೆಗಳು, ನಡುವೆ ಕೈಚಾಚಿದ ಹುಡುಗ, ಬರಿಗಣ್ಣು. ಧೂಳಿಲ್ಲದ ಗಾಳಿಯಲ್ಲಿ ಲೇಸರ್ ಕಿರಣ ಪಕ್ಕದಿಂದ ಬಹುಮಟ್ಟಿಗೆ ಕಾಣುವುದಿಲ್ಲ, 1.5 ಮೈಕ್ರೋಮೀಟರಿನದಂತೂ ಕೈಮೇಲೆ ಬಿದ್ದರೂ ಕಾಣದು. ಗೆರೆಗಳು ಕಲಾವಿದರ ಇಷ್ಟ, ಇರಲಿ. ಇದೇ ಚಿತ್ರವನ್ನು ಮತ್ತೆ ಬಳಸುವುದಾದರೆ ಆ ಹುಡುಗನಿಗೆ ಒಂದು ಕನ್ನಡಕ ಬರೆಸಿ.

ಇಬ್ಬರು ಓದುಗರು